ರೊಕ್ಕ ಕಳಿಸುವ ಮೊದಲು: ಬಳಸಿದ ಫಿಲ್ಮ್ ಸ್ಕ್ಯಾನರ್ ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ

ಅಪ್ಪ ಸ್ಟುಡಿಯೋ ಮುಚ್ಚಿದ ಮೇಲೆ ಕಲಬುರಗಿಯ ನಮ್ಮ ಮನೆಯ ಅಟ್ಟದ ಮೇಲೆ ಹನ್ನೊಂದು ಬಿಸ್ಕಿಟ್ ಡಬ್ಬಿ ಉಳಿದವು. ಅವುಗಳ ತುಂಬ ನೆಗೆಟಿವ್. ಮದುವೆ, ಜವಳ, ಶಾಲೆಯ ಗ್ರೂಪ್ ಫೋಟೋ, ಶರಣಬಸವೇಶ್ವರರ ತೇರು, ಬಂದೇ ನವಾಜ್ ದರ್ಗಾದ ಉರುಸು. ಎಲ್ಲವನ್ನೂ ಸ್ಕ್ಯಾನ್ ಮಾಡಿಡಬೇಕು ಅಂತ ಮೂರು ವರ್ಷ ರೊಕ್ಕ ಕೂಡಿಸಿ, ಆನ್‌ಲೈನ್‌ನಲ್ಲಿ ಒಂದು ಬಳಸಿದ ಸ್ಕ್ಯಾನರ್ ಕೊಂಡೆ. ಲಕ್ಷ ದಾಟಿದ ವ್ಯವಹಾರ. ಜಾಹೀರಾತಿನಲ್ಲಿ ‘ಒಳ್ಳೇ ಸ್ಥಿತಿಯಲ್ಲಿದೆ, ಚಾಲೂ ಇದೆ’ ಅಂತಿತ್ತು. ಬಂದ ಯಂತ್ರ ಚಾಲೂ ಇತ್ತು, ಆ ಮಾತು ಸುಳ್ಳಾಗಿರಲಿಲ್ಲ.

ಮೊದಲು ಹಾಕಿದ್ದು ಕಾಕಾನ ಮದುವೆಯ ಕಪ್ಪು-ಬಿಳುಪು ನೆಗೆಟಿವ್. ಕಪ್ಪು ಕೋಟು ತೊಟ್ಟು ನಿಂತ ಕಾಕಾ, ಹಿಂದೆ ಸುಣ್ಣ ಬಳಿದ ಗೋಡೆ. ಪರದೆಯ ಮೇಲೆ ನೋಡಿದರೆ ಕೋಟಿನ ಅಂಚಿನಿಂದ ಗೋಡೆಗೆ ಮಸಿ ಒರೆಸಿದಂತೆ ಕಪ್ಪು ಹರಡಿತ್ತು. ಅಪ್ಪ ಡೆವಲಪ್ ಮಾಡುವಾಗ ಏನೋ ಎಡವಟ್ಟಾಗಿರಬೇಕು ಅಂದುಕೊಂಡು ಎರಡು ತಿಂಗಳು ಸ್ಕ್ಯಾನ್ ಮಾಡುತ್ತಲೇ ಹೋದೆ. ಒಂದು ದಿನ ಕಾಕಾನ ಮನೆಯಲ್ಲಿ ಅದೇ ನೆಗೆಟಿವ್‌ನಿಂದ ಅಪ್ಪ ತೆಗೆದಿದ್ದ ಹಳೇ ಪ್ರಿಂಟ್ ಕಂಡೆ. ಕೋಟಿನ ಅಂಚು ಬ್ಲೇಡಿನಿಂದ ಕೊಯ್ದಷ್ಟು ಸ್ವಚ್ಛ, ಗೋಡೆ ಹಾಲಿನಷ್ಟು ಬಿಳಿ. ತಪ್ಪು ಅಪ್ಪನದಾಗಿರಲಿಲ್ಲ. ಸ್ಕ್ಯಾನರ್ ಒಳಗಿನ ಕನ್ನಡಿಯ ಮೇಲೆ ವರ್ಷಗಟ್ಟಲೆ ಧೂಳು ಕೂತಿತ್ತು. ಅಷ್ಟೊತ್ತಿಗೆ ವಾಪಸು ಕೊಡುವ ಅವಧಿ ಮುಗಿದುಹೋಗಿತ್ತು.

ಕಾಕಾ ಕೇಳಿದ್ದು ಒಂದೇ ಮಾತು: “ತಮ್ಮಾ, ಹಳೇ ಗಾಡಿ ತಗೋಳೋ ಮುಂದ ಒಂದು ಸುತ್ತು ಹೊಡದು ನೋಡ್ತಿ. ಇದನ್ಯಾಕ ಹಂಗೇ ತಗೊಂಡಿ?” ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಯಲ್ಲಿ ನೆಗೆಟಿವ್ ಇಟ್ಟುಕೊಂಡು ಸ್ಕ್ಯಾನರ್ ಹುಡುಕುತ್ತಿರುವವರು ಆ ಒಂದು ಸುತ್ತನ್ನು ದೂರದಿಂದಲೇ ಹೊಡೆದು ನೋಡುವುದು ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಬ್ಬಿ ಇಳಿಸಿ ಎಣಿಸಿ

ಯಂತ್ರ ಹುಡುಕುವ ಮೊದಲು ನಿಮ್ಮಲ್ಲಿ ಏನಿದೆ ಅಂತ ತಿಳಿದುಕೊಳ್ಳಿ. ಮನೆಯ ಆಲ್ಬಮ್‌ಗಳ ನೆಗೆಟಿವ್ ಹೆಚ್ಚಾಗಿ 35 ಎಂಎಂ, ಎರಡೂ ಬದಿಗೆ ಸಾಲಾಗಿ ತೂತು ಇರುವಂಥವು. ಹಳೇ ಸ್ಟುಡಿಯೋದವುಗಳಲ್ಲಿ 120 ಫಿಲ್ಮ್ ಬಹಳ ಇರುತ್ತದೆ. ಯಾಶಿಕಾದಂಥ ಎರಡು ಲೆನ್ಸಿನ ಕ್ಯಾಮೆರಾದಲ್ಲಿ ತೆಗೆದ, ತೂತಿಲ್ಲದ ಅಗಲವಾದ ಚೌಕ ನೆಗೆಟಿವ್‌ಗಳು ಅವು. ನಿಕಾನ್ ಸೂಪರ್ ಕೂಲ್‌ಸ್ಕ್ಯಾನ್ 5000 ಇಡಿ ಅನ್ನುವ ಸ್ಕ್ಯಾನರ್‌ನಲ್ಲಿ 120 ಹೋಗುವುದೇ ಇಲ್ಲ, ಅದು 35 ಎಂಎಂ ಯಂತ್ರ. ಎರಡೂ ಬೇಕಾದರೆ ಅದೇ ಸಾಲಿನ 9000 ಇಡಿ ಬೇಕು. ಗಾಜಿನ ಪ್ಲೇಟ್ ಇದ್ದರೆ ಇವೆರಡೂ ನಡೆಯುವುದಿಲ್ಲ, ಗಾಜಿನ ಮೇಲೆ ಮಲಗಿಸಿ ಸ್ಕ್ಯಾನ್ ಮಾಡುವ, ಎಪ್ಸನ್ ವಿ700, ವಿ850ರಂಥ ಫ್ಲ್ಯಾಟ್‌ಬೆಡ್‌ಗೆ ಹೋಗಬೇಕು.

ಕಪ್ಪು-ಬಿಳುಪು ಎಷ್ಟು, ಬಣ್ಣದ್ದು ಎಷ್ಟು ಅಂತಲೂ ಎಣಿಸಿ. ಮಾರುವವರು ‘ಡಿಜಿಟಲ್ ಐಸ್ ಇದೆ, ಗೀರು ಧೂಳು ತಾನೇ ಅಳಿಸುತ್ತದೆ’ ಅಂತ ಬೆಲೆ ಏರಿಸುತ್ತಾರೆ. ಆ ತಂತ್ರ ನಡೆಯುವುದು ಅವಕೆಂಪು ಬೆಳಕಿನ ಮೇಲೆ. ಬಣ್ಣದ ಫಿಲ್ಮಿನ ಬಣ್ಣಗಳು ಆ ಬೆಳಕನ್ನು ಬಿಟ್ಟುಕೊಡುತ್ತವೆ, ಧೂಳು ಮಾತ್ರ ತಡೆಯುತ್ತದೆ, ಹಾಗಾಗಿ ಯಂತ್ರಕ್ಕೆ ಧೂಳು ಎಲ್ಲಿದೆ ಅಂತ ತಿಳಿಯುತ್ತದೆ. ಮಾಮೂಲಿ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯದು. ಬೆಳ್ಳಿ ಅವಕೆಂಪನ್ನೂ ತಡೆಯುವುದರಿಂದ ಚಿತ್ರ ಯಾವುದು, ಧೂಳು ಯಾವುದು ಅಂತ ಯಂತ್ರಕ್ಕೆ ಬೇರೆ ಮಾಡಲಾಗದು. ಅಪ್ಪನ ಹನ್ನೊಂದು ಡಬ್ಬಿಯಲ್ಲಿ ಏಳು ಕಪ್ಪು-ಬಿಳುಪಿನವು. ನಾನು ಐಸ್‌ಗಾಗಿ ಕೊಟ್ಟ ಹೆಚ್ಚಿನ ರೊಕ್ಕ ಆ ಏಳು ಡಬ್ಬಿಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಅದರ ಮೇಲೆ ಕೂಲ್‌ಸ್ಕ್ಯಾನ್‌ನ ಎಲ್‌ಇಡಿ ಬೆಳಕು ನೇರವಾಗಿ ಬೀಳುವುದರಿಂದ ಫಿಲ್ಮಿನ ಸಣ್ಣ ಗೀರು ಕೂಡ ಎದ್ದು ಕಾಣುತ್ತದೆ.

ಸಮಯದ ಲೆಕ್ಕವೂ ಹಾಕಿ. ಒಂದು ಫ್ರೇಮಿಗೆ ಮೂರು ನಿಮಿಷ ಅಂತ ಹಿಡಿದರೆ 36 ಫ್ರೇಮಿನ ಒಂದು ರೋಲ್‌ಗೆ 108 ನಿಮಿಷ. ಇನ್ನೂರು ರೋಲ್ ಇದ್ದರೆ 360 ತಾಸು. 4000 ಡಿಪಿಐನಲ್ಲಿ 35 ಎಂಎಂ ಫ್ರೇಮ್ ಒಂದು ಸುಮಾರು 21 ಮೆಗಾಪಿಕ್ಸೆಲ್ ಆಗುತ್ತದೆ, 16 ಬಿಟ್ ಬಣ್ಣದಲ್ಲಿ ಉಳಿಸಿದರೆ ಒಂದು ಫೈಲ್ 125 ಎಂಬಿ ದಾಟುತ್ತದೆ. ಹಾರ್ಡ್‌ಡಿಸ್ಕಿನ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ.

ಎಣಿಸಿದ ಮೇಲೆ ಇನ್ನೂರು ಮುನ್ನೂರು ಫ್ರೇಮ್ ಮಾತ್ರ ಅಂತಾದರೆ ಸ್ಕ್ಯಾನರ್ ಕೊಳ್ಳಬೇಡಿ. ದೊಡ್ಡ ಊರಿನ ಲ್ಯಾಬಿಗೆ ಕೊಟ್ಟು ಮಾಡಿಸಿ. ಇಲ್ಲವೇ ನಿಮ್ಮ ಹತ್ತಿರ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಇದ್ದರೆ ಮ್ಯಾಕ್ರೋ ಲೆನ್ಸ್, ಕಾಪಿ ಸ್ಟ್ಯಾಂಡ್, ಒಂದು ಒಳ್ಳೆಯ ಎಲ್‌ಇಡಿ ಲೈಟ್ ಪ್ಯಾನಲ್ ಸಾಕು. ಫ್ರೇಮಿಗೆ ಕೆಲವು ಸೆಕೆಂಡಿನ ಕೆಲಸ, ಕೆಟ್ಟರೆ ರಿಪೇರಿ ನಮ್ಮಲ್ಲೇ ಆಗುತ್ತದೆ. ಈಗ ನಾನು ಕಪ್ಪು-ಬಿಳುಪಿನ ಡಬ್ಬಿಗಳನ್ನು ಹೀಗೇ ಮಾಡುತ್ತಿದ್ದೇನೆ. ಬಣ್ಣದ್ದು ಸಾವಿರಗಟ್ಟಲೆ ಇದ್ದವರಿಗೆ ಮಾತ್ರ ಮುಂದಿನ ಹೆಜ್ಜೆಗಳು.

ಯಂತ್ರದ ಬೆನ್ನು ನೋಡಿ

ಜಾಹೀರಾತಿನಲ್ಲಿ ಮುಂಭಾಗದ ಫೋಟೋ ಚೆಂದವಾಗಿ ಹಾಕಿರುತ್ತಾರೆ. ನೀವು ಹಿಂಭಾಗದ್ದು ಕೇಳಿ. ಕೇಬಲ್ ಹಾಕುವ ಪೋರ್ಟ್ ಯಾವುದು ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿದೆ.

ಕೂಲ್‌ಸ್ಕ್ಯಾನ್ 5000ರಲ್ಲಿ ಯುಎಸ್‌ಬಿ ಇದೆ, ಇವತ್ತಿನ ಕಂಪ್ಯೂಟರಿಗೂ ಸೇರುತ್ತದೆ. 4000, 8000, 9000ರಲ್ಲಿ ಫೈರ್‌ವೈರ್. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಇಲ್ಲ. ಡೆಸ್ಕ್‌ಟಾಪ್‌ಗೆ ಕಾರ್ಡ್ ಹಾಕಿಸಬೇಕು. ಮ್ಯಾಕ್ ಆದರೆ ಎರಡು ಅಡಾಪ್ಟರ್ ಜೋಡಿಸಬೇಕಾಗುತ್ತದೆ, 2025ರಲ್ಲಿ ಬಂದ ಮ್ಯಾಕ್‌ಓಎಸ್ 26ರಲ್ಲಂತೂ ಫೈರ್‌ವೈರ್ ಬೆಂಬಲವನ್ನೇ ತೆಗೆದುಬಿಟ್ಟಿದ್ದಾರೆ. ಅದಕ್ಕೂ ಹಿಂದಿನ ಎಲ್‌ಎಸ್-2000ದಂಥವು ಸ್ಕಸಿ ಪೋರ್ಟಿನವು. ಅವುಗಳಿಗಾಗಿ ಹಳೇ ಕಂಪ್ಯೂಟರನ್ನೇ ಹುಡುಕಿ ಇಟ್ಟುಕೊಳ್ಳಬೇಕು. ಹೊಸಬರು ಆ ದಾರಿ ಹಿಡಿಯದಿರುವುದೇ ಒಳ್ಳೆಯದು.

ಸಾಫ್ಟ್‌ವೇರ್ ಇನ್ನೊಂದು ಗಂಟು. ನಿಕಾನ್‌ನ ಸ್ವಂತ ನಿಕಾನ್ ಸ್ಕ್ಯಾನ್ 64 ಬಿಟ್ ವಿಂಡೋಸ್‌ಗೆ ಬರಲೇ ಇಲ್ಲ. ವ್ಯೂಸ್ಕ್ಯಾನ್ ಇಲ್ಲವೇ ಸಿಲ್ವರ್‌ಫಾಸ್ಟ್ ಕೊಳ್ಳಬೇಕು. ಸಿಲ್ವರ್‌ಫಾಸ್ಟ್ ಲೈಸೆನ್ಸ್ ಒಂದೊಂದು ಮಾಡೆಲ್‌ಗೆ ಕಟ್ಟಿರುತ್ತದೆ, ಗೆಳೆಯರ ಹತ್ತಿರ ಇದೆ ಅಂತ ನಂಬಿ ಕೂರಬೇಡಿ. ಹ್ಯಾಸಲ್‌ಬ್ಲಾಡ್ ಫ್ಲೆಕ್ಸ್‌ಟೈಟ್ ಸ್ಕ್ಯಾನರ್‌ಗಳ ಸಾಫ್ಟ್‌ವೇರ್ ಫ್ಲೆಕ್ಸ್‌ಕಲರ್ 32 ಬಿಟ್ಟಿನದು. 2019ರ ಮ್ಯಾಕ್‌ಓಎಸ್ 10.15ರಿಂದ ಈಚೆಗೆ 32 ಬಿಟ್ ಸಾಫ್ಟ್‌ವೇರ್ ನಡೆಯುವುದಿಲ್ಲ. ಫ್ಲೆಕ್ಸ್‌ಟೈಟ್ ಮಾರುವವರು ಈಗ ಅದನ್ನು ನಡೆಸುತ್ತಿರುವ ಹಳೇ ಮ್ಯಾಕನ್ನೂ ಜೊತೆಗೆ ಕೊಡುವುದಾದರೆ ಮಾತ್ರ ಮುಂದುವರಿಯಿರಿ.

ಬೆನ್ನಿನ ಮೇಲೆಯೇ ಕರೆಂಟಿನ ಪಟ್ಟಿ ಅಂಟಿಸಿರುತ್ತಾರೆ. ಜಪಾನಿನ ಮನೆಗಳಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಪಟ್ಟಿಯ ಮೇಲೆ 100–240 ಅಂತಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ 100 ಅಂತಿರುವ ಯಂತ್ರವನ್ನು ನೇರ ನಮ್ಮ ಗೋಡೆಗೆ ಚುಚ್ಚಿದರೆ ಅಲ್ಲಿಗೇ ಸುಟ್ಟುಹೋಗುತ್ತದೆ.

ಹೋಲ್ಡರ್ ಇದೆಯೇ?

ಫಿಲ್ಮ್ ಹಿಡಿಯುವ ಹೋಲ್ಡರ್ ಇಲ್ಲದ ಸ್ಕ್ಯಾನರ್ ಅಂದರೆ ಗಾಲಿ ಇಲ್ಲದ ಬಂಡಿ. ಕೂಲ್‌ಸ್ಕ್ಯಾನ್ 5000ಕ್ಕೆ ಪಟ್ಟಿ ಫಿಲ್ಮಿಗೆ ಎಸ್‌ಎ-21, ಸ್ಲೈಡಿಗೆ ಎಂಎ-21 ಬೇಕು. 9000ಕ್ಕೆ 120 ಫಿಲ್ಮಿಗೆ ಎಫ್‌ಎಚ್-869 ಸರಣಿಯದು. ಫ್ಲೆಕ್ಸ್‌ಟೈಟ್‌ನಲ್ಲಿ ಪ್ರತಿ ಅಳತೆಗೂ ಬೇರೆ ಬೇರೆ ಮ್ಯಾಗ್ನೆಟ್ ಹೋಲ್ಡರ್. ತಯಾರಿಕೆ ನಿಂತುಹೋದ್ದರಿಂದ ಇವುಗಳ ಬಿಡಿ ಬೆಲೆ ಕಣ್ಣು ಕತ್ತಲೆ ಬರಿಸುತ್ತದೆ. ಪ್ರತಿ ಹೋಲ್ಡರನ್ನೂ ಬಿಚ್ಚಿ, ಕೊಕ್ಕೆ ಮುರಿದಿಲ್ಲ ಅಂತ ಕಾಣುವಂತೆ ಫೋಟೋ ತರಿಸಿ. ‘ಫೋಟೋದಲ್ಲಿ ಇರುವುದಷ್ಟೇ’ ಅಂತ ಬರೆದಿದ್ದರೆ ಅದನ್ನು ಅಕ್ಷರಶಃ ನಂಬಿ. ಫೋಟೋದಲ್ಲಿ ಕೇಬಲ್ ಕಾಣದಿದ್ದರೆ ಕೇಬಲ್ ಬರುವುದಿಲ್ಲ.

ಜಾಹೀರಾತಿನ ಪದಗಳು

‘ಅನ್‌ಟೆಸ್ಟೆಡ್’ ಅಂತ ಬರೆದದ್ದನ್ನು ‘ಕೆಟ್ಟಿದೆ’ ಅಂತಲೇ ಓದಿಕೊಳ್ಳಿ. ಯಂತ್ರ ನಡೆದರೆ ಎರಡು ಪಟ್ಟು ಬೆಲೆ ಸಿಗುತ್ತದೆ ಅಂತ ಗೊತ್ತಿದ್ದೂ ಟೆಸ್ಟ್ ಮಾಡದವರು ಯಾರು? ‘ಪವರ್ ಆನ್ ಆಗುತ್ತದೆ’ ಅಂದರೆ ದೀಪ ಹತ್ತುತ್ತದೆ ಅಷ್ಟೇ, ಸ್ಕ್ಯಾನ್ ಆಗುತ್ತದೆ ಅಂತ ಅವರು ಹೇಳಿಲ್ಲ. ‘ಆಸ್ ಈಸ್’ ಅಂದರೆ ಆಮೇಲೆ ನಮ್ಮನ್ನು ಕೇಳಬೇಡಿ ಅಂತ. ಜಪಾನಿನ ಮಾರಾಟಗಾರರು ‘ಜಂಕ್’ ಅಂತ ಬರೆದಿದ್ದರೆ ಬಿಡಿಭಾಗಕ್ಕೆ ಮಾತ್ರ ಅಂತ ತಿಳಿಯಿರಿ. ಅವರು ಮುಚ್ಚಿಟ್ಟಿರುವುದಿಲ್ಲ, ಅಗ್ಗದ ಆಸೆಯಲ್ಲಿ ನಾವೇ ಆ ಪದವನ್ನು ದಾಟಿ ಮುಂದೆ ಹೋಗುತ್ತೇವೆ.

ಸ್ಕ್ಯಾನ್ ತರಿಸಿ, ದೊಡ್ಡದು ಮಾಡಿ ನೋಡಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ನೆನಪಿಡುವುದಾದರೆ ಇದನ್ನು ನೆನಪಿಡಿ. ಯಂತ್ರದ ಫೋಟೋ ಎಷ್ಟಿದ್ದರೂ ಅದು ಡಬ್ಬದ ಹೊರಮೈ. ಅದು ಮಾಡಿದ ಸ್ಕ್ಯಾನ್ ಬೇಕು, ಅದೂ ಪೂರ್ತಿ ರೆಸಲ್ಯೂಶನ್‌ನ ಟಿಫ್ ಫೈಲ್, ಯಾವ ತಿದ್ದುಪಡಿಯನ್ನೂ ಮಾಡದೆ. ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಿದರೆ ಕುಗ್ಗಿಹೋಗುತ್ತದೆ, ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ ಅನ್ನಿ.

ಎಂಥ ಫ್ರೇಮ್ ಕೇಳಬೇಕು? ಸಾಧ್ಯವಾದರೆ ಸ್ಲೈಡ್: ಬೆಳಗುವ ಆಕಾಶದ ಎದುರಿಗೆ ಕಪ್ಪಗೆ ಕಾಣುವ ಕಟ್ಟಡವೋ ಮರವೋ ಇರುವಂಥದ್ದು. ಕನ್ನಡಿಗೆ ಧೂಳು ಹಿಡಿದಿದ್ದರೆ ಆಕಾಶದ ಬೆಳಕು ಕಟ್ಟಡದೊಳಕ್ಕೆ ಮಂಜಿನಂತೆ ನುಗ್ಗಿರುತ್ತದೆ. ಫ್ರೇಮಿನ ಹೊರಗಿನ ಕಪ್ಪು ಅಂಚನ್ನೂ ಸೇರಿಸಿ ಸ್ಕ್ಯಾನ್ ಮಾಡಲು ಹೇಳಿ, ಸೋರಿದ ಬೆಳಕು ಅಲ್ಲಿ ಎದ್ದು ಕಾಣುತ್ತದೆ. ನೆಗೆಟಿವ್ ಆದರೆ ಇದೇ ದೋಷ ತಿರುಗಾಮುರುಗಾ ಬರುತ್ತದೆ. ಕಪ್ಪು ಕೋಟು ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತದೆ, ಅದರ ಮೂಲಕ ಬಂದ ಬೆಳಕು ಪಕ್ಕದ ಗಟ್ಟಿ ಭಾಗಕ್ಕೆ ಚೆದುರುತ್ತದೆ, ಪಾಸಿಟಿವ್ ಮಾಡಿದಾಗ ಬಿಳಿ ಗೋಡೆ ಕಪ್ಪಿಡುತ್ತದೆ. ಕಾಕಾನ ಮದುವೆ ಫೋಟೋದಲ್ಲಿ ನಾನು ಕಂಡದ್ದು ಇದನ್ನೇ. ಕನ್ನಡಿ ಒರೆಸಿದರೆ ಈ ದೋಷ ಹೋಗುವುದುಂಟು. ಆದರೆ ಯಂತ್ರ ಬಿಚ್ಚಬೇಕು, ಕನ್ನಡಿಯ ಲೇಪ ಮೇಲ್ಮೈಯಲ್ಲೇ ಇರುವುದರಿಂದ ಒರಟು ಬಟ್ಟೆ ತಾಗಿದರೆ ಗೀರು ಬಿದ್ದು ಹಾಳಾಗುತ್ತದೆ.

ಫೈಲನ್ನು ನೂರಕ್ಕೆ ನೂರು ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ನೋಡಿ. ಆಕಾಶದಂಥ ಸಮತಲ ಜಾಗದಲ್ಲಿ ಉದ್ದಕ್ಕೆ ಎಳೆದಂಥ ನೇರ ಗೆರೆ ಕಂಡರೆ ಸಿಸಿಡಿಯ, ಅಂದರೆ ಬೆಳಕನ್ನು ಓದುವ ಸೆನ್ಸರಿನ ದೋಷ, ಇಲ್ಲವೇ ಅದರ ದಾರಿಗೆ ಧೂಳು ಅಡ್ಡ ಬಂದಿದೆ. ಸಮ ಅಂತರದ ಪಟ್ಟಿ ಪಟ್ಟಿ ಕಂಡರೆ ಬ್ಯಾಂಡಿಂಗ್. 8000, 9000 ಯಂತ್ರಗಳಲ್ಲಿ ಇದು ಬರುವುದುಂಟು. ‘ಸೂಪರ್ ಫೈನ್ ಸ್ಕ್ಯಾನ್’ ಅನ್ನುವ ಆಯ್ಕೆ ಹಾಕಿದರೆ ಮೂರು ಸಾಲಿನ ಸಿಸಿಡಿಯಲ್ಲಿ ಒಂದೇ ಸಾಲು ಓದುತ್ತದೆ, ಪಟ್ಟಿ ಹೋಗುತ್ತದೆ, ಸಮಯ ಮಾತ್ರ ಬಹಳ ಹಿಡಿಯುತ್ತದೆ. ಆ ಆಯ್ಕೆ ಹಾಕಿ ತೆಗೆದ ಸ್ಕ್ಯಾನೇ ನಿಮಗೆ ಬಂದಿದೆಯೇ ಅಂತ ಕೇಳಿ ತಿಳಿಯಿರಿ. ಫಿಲ್ಮಿನ ಗ್ರೇನ್ ನಡುವೆ ಚೂಪಾಗಿದ್ದು ಒಂದೇ ಬದಿಗೆ ಮಸುಕಾಗಿದ್ದರೆ ಹೋಲ್ಡರ್ ಬಾಗಿದೆ, ಇಲ್ಲವೇ ಯಂತ್ರಕ್ಕೆ ಒಮ್ಮೆ ಬಲವಾದ ಪೆಟ್ಟು ಬಿದ್ದಿದೆ.

ಜೊತೆಗೆ ಒಂದು ವಿಡಿಯೋ ಕಾಲ್. ಸ್ವಿಚ್ ಹಾಕುವುದರಿಂದ ಹಿಡಿದು ಫೋಕಸ್, ಸ್ಕ್ಯಾನ್, ಫಿಲ್ಮ್ ಹೊರಬರುವವರೆಗೆ ತಡೆಯಿಲ್ಲದೆ ತೋರಿಸಲಿ. ಕಿವಿಗೊಟ್ಟು ಕೇಳಿ. ಮೋಟಾರಿನ ಸದ್ದು ಒಂದೇ ಲಯದಲ್ಲಿ ಬರಬೇಕು. ಗ್ರೀಸ್ ಒಣಗಿದ ಯಂತ್ರ ತಡೆತಡೆದು ಕಿರುಗುಟ್ಟುತ್ತದೆ. ಅದೇ ಕಾಲ್‌ನಲ್ಲಿ ಒಂದು ಚೀಟಿಯ ಮೇಲೆ ನಿಮ್ಮ ಹೆಸರು, ಅವತ್ತಿನ ತಾರೀಖು ಬರೆದು ಸೀರಿಯಲ್ ನಂಬರಿನ ಪಕ್ಕ ಇಟ್ಟು ತೋರಿಸಲು ಹೇಳಿ. ನಿಜವಾದ ಮಾರಾಟಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ‘ಟೈಮಿಲ್ಲ, ಬೇರೆಯವರು ಸಾಲಲ್ಲಿದ್ದಾರೆ, ಅಡ್ವಾನ್ಸ್ ಹಾಕಿ’ ಅಂದರೆ ನಮಸ್ಕಾರ ಹೇಳಿ ಫೋನ್ ಇಡಿ.

ಮೋಸಗಾರರು

ಅವರು ಬಳಸುವ ಫೋಟೋ ಬೇರೆ ದೇಶದ ಜಾಹೀರಾತಿನಿಂದ ಕದ್ದದ್ದು. ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿದರೆ ಹೆಚ್ಚಿನ ಸಲ ಮೂಲ ಸಿಕ್ಕಿಬಿಡುತ್ತದೆ. ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಅದಕ್ಕೇ ಅರ್ಧ ಬೆಲೆಗೆ ಕೊಡುತ್ತಿದ್ದೇನೆ ಅಂತ ಗುರುತಿನ ಚೀಟಿ ಕಳಿಸುವುದು ಹಳೇ ಆಟ. ಪಾರ್ಸಲ್ ಹೊರಟಿದೆ, ಇಷ್ಟು ಕಟ್ಟಿ, ಆಮೇಲೆ ವಾಪಸು ಬರುತ್ತದೆ ಅನ್ನುವುದು ಇನ್ನೊಂದು. ರಿಫಂಡ್ ಕೊಡುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಒತ್ತಬೇಡಿ. ಯುಪಿಐನಲ್ಲಿ ರೊಕ್ಕ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ರೊಕ್ಕ ಹೋಗಿಯೇಬಿಟ್ಟರೆ ನಾಚಿಕೆ ಪಟ್ಟುಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಆ ಕಡೆಯ ಖಾತೆಯಲ್ಲಿ ರೊಕ್ಕ ತಡೆಯುವ ಅವಕಾಶ ಹೆಚ್ಚು.

ರೊಕ್ಕ ಕೊಡುವ ಬಗೆ

ನೇರ ಖಾತೆಗೆ ಹಾಕಬೇಡಿ. ವಸ್ತು ತಲುಪಿ ಒಪ್ಪಿದ ಮೇಲೆ ಮಾರುವವರಿಗೆ ರೊಕ್ಕ ಬಿಡುಗಡೆ ಮಾಡುವ ವೇದಿಕೆಯಲ್ಲೇ ಕೊಳ್ಳಿ, ಕ್ರೆಡಿಟ್ ಕಾರ್ಡ್ ಬಳಸಿ. ವಾಪಸಾತಿ ಎಷ್ಟು ದಿನ, ಸಾಗಣೆ ಖರ್ಚು ಯಾರದು ಅಂತ ಬರವಣಿಗೆಯಲ್ಲಿ ಪಡೆಯಿರಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಮತ್ತು ಐಜಿಎಸ್‌ಟಿ ಬೀಳುತ್ತದೆ. ಅದನ್ನು ಯಂತ್ರದ ಬೆಲೆಯ ಮೇಲಷ್ಟೇ ಹಾಕುವುದಿಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಬಳಸಿದ ವಸ್ತುವಿಗೆ ಯಾವ ಕಾಗದ ಕೇಳುತ್ತಾರೆ ಅಂತ ಕೊರಿಯರ್ ಕಂಪನಿಯ ಹತ್ತಿರ ಮೊದಲೇ ವಿಚಾರಿಸಿ. ಹೊರದೇಶಕ್ಕೆ ವಾಪಸು ಕಳಿಸುವುದು ಕಾಗದದ ಮೇಲೆ ಹಕ್ಕು, ಖರ್ಚು ಲೆಕ್ಕ ಹಾಕಿದರೆ ಬಹಳ ಸಲ ಆಗದ ಮಾತು.

ಅಂಗಡಿಯವರಿಂದ ಕೊಂಡು ಬಿಲ್ ಪಡೆದಿದ್ದರೆ 1915 ನಂಬರಿನ ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ಮನೆಯ ಹಳೇ ವಸ್ತು ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಈ ದಾರಿ ಹಿಡಿಯುವುದು ಕಷ್ಟ.

ಸಾಧ್ಯವಿದ್ದರೆ ಹೋಗಿ ತನ್ನಿ

ನನ್ನ ಎರಡನೇ ಯಂತ್ರ ಹೀಗೇ ಬಂತು. ಕಲಬುರಗಿ, ಯಾದಗಿರಿ ಎರಡೂ ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿವೆ, ಬೀದರಿನವರಿಗೆ ಹೈದರಾಬಾದ್ ಹತ್ತಿರ. ಮಾರುವವರು ಮುಂಬೈ, ಪುಣೆ, ಸೊಲ್ಲಾಪುರ, ಹೈದರಾಬಾದಿನಲ್ಲಿದ್ದರೆ ಟಿಕೆಟ್ ಖರ್ಚು ನೋಡಬೇಡಿ. ಲ್ಯಾಪ್‌ಟಾಪ್, ಕೇಬಲ್, ನಿಮ್ಮದೇ ಒಂದು ಬೇಡದ ಫಿಲ್ಮ್ ಪಟ್ಟಿ ಒಯ್ದು ಎದುರಿಗೇ ಸ್ಕ್ಯಾನ್ ಮಾಡಿಸಿ. 9000 ಸುಮಾರು ಒಂಬತ್ತು ಕಿಲೋ, ರೈಲಿನಲ್ಲಿ ಕೈಯಲ್ಲೇ ತರಬಹುದು. ಲಗೇಜು ಡಬ್ಬಿಗೆ ಹಾಕಬೇಡಿ.

ಪಾರ್ಸಲ್ ಆಗಲೇಬೇಕಾದರೆ ಸಾಗಣೆಗೆ ಲಾಕ್ ಇರುವ ಮಾಡೆಲ್‌ಗಳಲ್ಲಿ ಅದನ್ನು ಹಾಕಿಸಿ, ಹೋಲ್ಡರ್ ಹೊರತೆಗೆದು ಬೇರೆ ಸುತ್ತಿಸಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಸುತ್ತ ಫೋಮ್ ತುಂಬಿಸಿ, ಪೂರ್ತಿ ಬೆಲೆಗೆ ವಿಮೆ ಮಾಡಿಸಿ. ಟ್ರಾವೆಲ್ಸ್ ಬಸ್ಸಿನ ಮೇಲೆ ಹಾಕಿ ಕಳಿಸುತ್ತೇನೆ ಅಂದರೆ ಬೇಡ ಅನ್ನಿ.

ಬಂದ ದಿನ

ಪೆಟ್ಟಿಗೆ ಬಿಚ್ಚುವುದನ್ನು ಮೊದಲಿನಿಂದ ಕೊನೆತನಕ ವಿಡಿಯೋ ಮಾಡಿ. ಸೀರಿಯಲ್ ನಂಬರ್ ಹೋಲಿಸಿ. ಮಳೆಗಾಲದಲ್ಲಿ ಬಂದಿದ್ದರೆ ಒಂದು ದಿನ ಹಾಗೇ ಬಿಡಿ, ಒಳಗೆ ಪಸೆ ಕೂತಿದ್ದರೆ ಆರಲಿ. ನಮ್ಮ ಕಡೆಯ ವೋಲ್ಟೇಜ್ ಏರುಪೇರು ನಂಬುವಂಥದ್ದಲ್ಲ, ಯುಪಿಎಸ್ ಮೂಲಕವೇ ಹಚ್ಚಿ. ಏಪ್ರಿಲ್ ಮೇ ಬಿಸಿಲಿನಲ್ಲಿ ಮಧ್ಯಾಹ್ನ ಸ್ಕ್ಯಾನಿಂಗ್ ಬೇಡ. ಒಣ ಹವೆಗೆ ಫಿಲ್ಮಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಧೂಳನ್ನು ಎಳೆದುಕೊಳ್ಳುತ್ತದೆ, ನಾನು ಬೆಳಗ್ಗೆ ಆರಕ್ಕೆ ಕೂತು ಒಂಬತ್ತಕ್ಕೆ ಮುಗಿಸುತ್ತೇನೆ. ಕೆಲಸ ಮುಗಿದ ಕೂಡಲೇ ಯಂತ್ರದ ಮೇಲೆ ಹತ್ತಿಬಟ್ಟೆ ಹೊದಿಸಿ.

ಮೊದಲ ದಿನ ಮನೆಯ ನೆಗೆಟಿವ್ ಒಂದನ್ನೂ ಒಳಗೆ ಬಿಡಬೇಡಿ. ಯಂತ್ರ ಕೆಟ್ಟರೆ ಇನ್ನೊಂದು ಸಿಗುತ್ತದೆ, ಗೀರು ಬಿದ್ದ ಮದುವೆಯ ಫ್ರೇಮ್ ಎಲ್ಲಿಂದ ತರುವುದು? ಬೇಡದ ಪಟ್ಟಿಯೊಂದನ್ನು ಐದು ಸಲ ಒಳಗೆ ಬಿಟ್ಟು ಹೊರಗೆ ತೆಗೆಯಿರಿ. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಪಟ್ಟಿಯ ಉದ್ದಕ್ಕೂ ಕೂದಲಿನಂಥ ಹೊಸ ಗೆರೆ ಮೂಡಿದ್ದರೆ ಒಳಗಿನ ರೋಲರಿನಲ್ಲಿ ಇಲ್ಲವೇ ಹಾದಿಯಲ್ಲಿ ಹರಳು ಕೂತಿದೆ. ಅಂಥ ಯಂತ್ರವನ್ನು ಅವತ್ತೇ ವಾಪಸಿಗೆ ಹಾಕಿ. ಆಮೇಲೆ ಕಪ್ಪು ಅಂಚಿನ ಸ್ಲೈಡ್, ಸಮತಲ ಆಕಾಶದ ಫ್ರೇಮ್, ಇರುವ ಪ್ರತಿ ಹೋಲ್ಡರಿನಲ್ಲಿ ಒಂದೊಂದು ಸ್ಕ್ಯಾನ್. ಕೊನೆಗೆ ಒಂದೇ ಕೂತಿನಲ್ಲಿ ಎರಡು ತಾಸು ಓಡಿಸಿ, ಬಿಸಿಯಾದ ಮೇಲೆ ಕೆಡುವ ಯಂತ್ರಗಳೂ ಇವೆ. ಇಷ್ಟೂ ವಾಪಸಾತಿಯ ಅವಧಿಯೊಳಗೆ ಮುಗಿಯಬೇಕು. ಊರಿಗೆ ಹೋಗುವ, ಮದುವೆ ಸೀಸನ್‌ನ ವಾರದಲ್ಲಿ ಪಾರ್ಸಲ್ ತರಿಸಲೇಬೇಡಿ.

ಫಿಲ್ಮನ್ನು ತಿರುಗುವ ಸಿಲಿಂಡರಿಗೆ ಅಂಟಿಸಿ ಓದುವ ಡ್ರಮ್ ಸ್ಕ್ಯಾನರ್, ಲ್ಯಾಬಿನ ನೋರಿಟ್ಸು, ಫ್ರಾಂಟಿಯರ್ ಯಂತ್ರಗಳೂ ಅಗ್ಗಕ್ಕೆ ಕಣ್ಣಿಗೆ ಬೀಳುತ್ತವೆ. ಡ್ರಮ್ಮಿನ ಅಕ್ರಿಲಿಕ್ ಸಿಲಿಂಡರ್ ಬಿರುಕು ಬಿಟ್ಟಿರಬಹುದು, ಲ್ಯಾಬ್ ಯಂತ್ರಕ್ಕೆ ಅದರದೇ ಹಳೇ ಕಂಪ್ಯೂಟರ್, ಅದರದೇ ಸಾಫ್ಟ್‌ವೇರ್ ಬೇಕು. ಅವುಗಳನ್ನು ನಡೆಸಿ ಕೈ ಪಳಗಿದ ಮೆಕ್ಯಾನಿಕ್ ಪರಿಚಯವಿಲ್ಲದಿದ್ದರೆ ಮುಟ್ಟಬೇಡಿ.

ಯಂತ್ರ ಬಂದ ಪೆಟ್ಟಿಗೆ, ಫೋಮ್ ಎರಡನ್ನೂ ಎಸೆಯದೆ ಇಟ್ಟುಕೊಳ್ಳಿ. ರಿಪೇರಿಗೆ ಕಳಿಸಲು, ಕೆಲಸ ಮುಗಿದ ಮೇಲೆ ಮಾರಲು ಅದೇ ಬೇಕಾಗುತ್ತದೆ. ನನ್ನದು ಅಟ್ಟದ ಮೇಲೆ, ಖಾಲಿಯಾಗುತ್ತಿರುವ ಬಿಸ್ಕಿಟ್ ಡಬ್ಬಿಗಳ ಪಕ್ಕ ಇದೆ. ಕಾಕಾನ ಮದುವೆಯ ಫ್ರೇಮನ್ನು ಹೋದ ತಿಂಗಳು ಮತ್ತೆ ತೆಗೆದೆ. ಗೋಡೆ ಬಿಳಿಯಾಗಿಯೇ ಬಂತು.